ಉಳಿದಿರುವ ಎರಡು ವರ್ಷ ಎಲ್ಲಿ?

ಪದವಿಯ ಕೊನೆಯ ಎರಡು ವರ್ಷ ಓದಲು ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿದ್ದರೂ ಡೇವಿಸ್‌ಗೆ ಹೋಗುತ್ತಿದ್ದೇನೆ ಎಂದು ತಿಳಿದವರೆಲ್ಲ ಕಾರಣ ಕೇಳುತ್ತಿದ್ದಾರೆ. ಮೈಸೂರಿನಿಂದ ಮಾವನವರು ಕೇಳಿದರು, ತೀರ್ಥಹಳ್ಳಿಯಿಂದ ಅಣ್ಣ ಕೇಳಿದ, ಇಲ್ಲಿ ಸನಿವೇಲ್‌ನ ನಮ್ಮ ಅಪಾರ್ಟ್‌ಮೆಂಟಿನ ಗೆಳತಿಯರಂತೂ ದಿನವೂ ಕೇಳುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ತುಣುಕು ಹೇಳಿ ಸಾಕಾಗಿದೆ. ಇಡೀ ಲೆಕ್ಕವನ್ನು ಒಮ್ಮೆ ಬರೆದಿಡುತ್ತೇನೆ. ಮದುವೆಯಾಗಿ ಈ ದೇಶಕ್ಕೆ ಬಂದು, ಊರಿನಲ್ಲಿ ಅರ್ಧಕ್ಕೆ ನಿಂತ ಪದವಿಯನ್ನು ಮತ್ತೆ ಕೈಗೆತ್ತಿಕೊಳ್ಳಬೇಕೆಂದು ಒಳಗೊಳಗೇ ಆಸೆಪಡುತ್ತಿರುವ ಹೆಣ್ಣುಮಕ್ಕಳು ಓದಲಿ ಎಂಬುದೇ ಮುಖ್ಯ ಉದ್ದೇಶ.

ನಾನು ಶಿವಮೊಗ್ಗದಲ್ಲಿ ಬಿ.ಎಸ್ಸಿ. ಎರಡು ವರ್ಷ ಓದಿದ್ದೆ. ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ರಸಾಯನಶಾಸ್ತ್ರ. ಅಮ್ಮನ ಕಾಯಿಲೆ, ಅದರ ಬೆನ್ನಿಗೇ ಮದುವೆ, ಆಮೇಲೆ ಕ್ಯಾಲಿಫೋರ್ನಿಯಾ, ಮಗಳು. ಅವಳು ಶಾಲೆಗೆ ಹೋಗಲಾರಂಭಿಸಿದ ಮೇಲೆ ನಾನು ಕ್ಯುಪರ್ಟಿನೋದ ಡಿ ಆನ್ಜಾ ಕಾಲೇಜಿಗೆ ಸೇರಿದೆ. ಅದು ಸಮುದಾಯ ಕಾಲೇಜು. ಅಲ್ಲಿ ಪದವಿಯ ಮೊದಲ ಎರಡು ವರ್ಷಗಳ ಪಾಠ ಮುಗಿಸಿ, ಮೂರನೆಯ ವರ್ಷಕ್ಕೆ ವಿಶ್ವವಿದ್ಯಾಲಯಕ್ಕೆ ವರ್ಗವಾಗಬಹುದು. ಇಂಥವರನ್ನು ಇಲ್ಲಿ ಟ್ರಾನ್ಸ್‌ಫರ್ ವಿದ್ಯಾರ್ಥಿಗಳು ಎನ್ನುತ್ತಾರೆ. ನಮ್ಮೂರಿನಲ್ಲಿ ಪದವಿಯ ನಡುವೆ ಕಾಲೇಜು ಬದಲಿಸುವುದೆಂದರೆ ಏನೋ ಎಡವಟ್ಟಾಗಿದೆ ಎಂದೇ ಜನ ಭಾವಿಸುತ್ತಾರೆ. ಇಲ್ಲಿ ಅದು ರಾಜಮಾರ್ಗ. 1960ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ ತನ್ನ ಉನ್ನತ ಶಿಕ್ಷಣಕ್ಕೆ ಒಂದು ಮಹಾಯೋಜನೆ ರೂಪಿಸಿಕೊಂಡಿತು. ಮೇಲೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ, ನಡುವೆ ಸ್ಟೇಟ್ ಯೂನಿವರ್ಸಿಟಿಗಳು, ಎಲ್ಲರಿಗೂ ಬಾಗಿಲು ತೆರೆದ ಸಮುದಾಯ ಕಾಲೇಜುಗಳು. ಕೆಳಗಿನ ಮೆಟ್ಟಿಲಿನಿಂದ ಮೇಲಕ್ಕೆ ಹೋಗುವ ಹಾದಿಯನ್ನೂ ಆ ಯೋಜನೆಯಲ್ಲೇ ಬರೆದಿಟ್ಟರು. ಡಿ ಆನ್ಜಾದಲ್ಲಿ ವರ್ಷವನ್ನು ಕ್ವಾರ್ಟರ್ ಎಂಬ ಸುಮಾರು ಮೂರು ತಿಂಗಳ ಅವಧಿಗಳಾಗಿ ಭಾಗಿಸುತ್ತಾರೆ, ಪಾಠದ ಪ್ರಮಾಣವನ್ನು ಯೂನಿಟ್ ಲೆಕ್ಕದಲ್ಲಿ ಅಳೆಯುತ್ತಾರೆ. ರಾಜ್ಯದ ನಿವಾಸಿಗಳಿಗೆ ಒಂದು ಕ್ವಾರ್ಟರ್ ಯೂನಿಟ್‌ಗೆ 31 ಡಾಲರ್ ಶುಲ್ಕ. 90 ಯೂನಿಟ್ ಮುಗಿಸಿದರೆ ಮೂರನೆಯ ವರ್ಷದ ಅರ್ಹತೆ. ಇಷ್ಟು ಕಡಿಮೆ ಹಣದಲ್ಲಿ ಇಷ್ಟು ಒಳ್ಳೆಯ ರಸಾಯನಶಾಸ್ತ್ರ ಕಲಿಯಬಹುದು ಎಂಬುದನ್ನು ನಾನು ಇಲ್ಲಿಗೆ ಬರುವ ಮೊದಲು ಊಹಿಸಿರಲಿಲ್ಲ.

ಪದೇ ಪದೇ ಕೇಳಿಬರುವ ಪ್ರಶ್ನೆಯೊಂದಿದೆ, ಉತ್ತರ ಹೇಳಿ ಮುಂದುವರಿಯುತ್ತೇನೆ. ಗಂಡನ ಎಚ್-1ಬಿ ಉದ್ಯೋಗ ವೀಸಾದ ಮೇಲೆ, ಸಂಗಾತಿಗೆ ಕೊಡುವ ಎಚ್-4 ವೀಸಾದಲ್ಲಿ ಬಂದವರು ಓದಲು ಬೇರೆ ವೀಸಾ ಪಡೆಯಬೇಕಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಒಂದು ವರ್ಷ ಒಂದು ದಿನ ನೆಲೆಸಿ, ಇಲ್ಲೇ ಇರುವ ಉದ್ದೇಶಕ್ಕೆ ದಾಖಲೆ ತೋರಿಸಿದರೆ ನಿವಾಸಿಗಳ ಶುಲ್ಕಕ್ಕೆ ಅರ್ಜಿ ಹಾಕಬಹುದು. ಆದರೆ ಅಮೆರಿಕದ ಕೇಂದ್ರ ಸರ್ಕಾರದ ವಿದ್ಯಾರ್ಥಿ ನೆರವು ಎಚ್-4 ನಲ್ಲಿರುವವರಿಗೆ ಸಿಗುವುದಿಲ್ಲ. ನಮ್ಮ ಮನೆಯಲ್ಲಿ ಓದಿನ ಖರ್ಚೆಲ್ಲ ಉಳಿತಾಯದಿಂದಲೇ ಹೋಗುತ್ತದೆ. ವಿಶ್ವವಿದ್ಯಾಲಯವನ್ನು ಆರಿಸುವಾಗ ಈ ಮಾತು ನೆರಳಿನಂತೆ ಜೊತೆಗಿತ್ತು.

ಇನ್ನು ವಿಷಯದ ಆಯ್ಕೆ. ನನ್ನ ಅಪ್ಪಯ್ಯನದು ಅಡಿಕೆ ತೋಟ. ಮಲೆನಾಡಿನಲ್ಲಿ ಮಳೆಗಾಲವೆಂದರೆ ಕೊಳೆಯ ಭಯ. ಮಳೆ ಹಿಡಿಯುವ ಮೊದಲು ಮೈಲುತುತ್ತು, ಸುಣ್ಣ ಬೆರೆಸಿ ಬೋರ್ಡೋ ದ್ರಾವಣ ಮಾಡಿ, ಕೊನೆಗಾರ ಮರ ಹತ್ತಿ ಗೊನೆಗೊನೆಗೂ ಹೊಡೆಯಬೇಕು. ಒಂದೂವರೆ ತಿಂಗಳಲ್ಲಿ ಇನ್ನೊಮ್ಮೆ. ಮಳೆ ಬಿಡುವು ಕೊಡದೆ ಎರಡನೆಯ ಔಷಧಿ ತಪ್ಪಿತೋ, ಹಸಿರು ಕಾಯಿಗಳ ಮೇಲೆ ಬಿಳಿ ಬೂಷ್ಟು ಬಂದು ಗೊನೆ ಉದುರಿ ತೋಟದ ತುಂಬ ಹಾಸಿಕೊಳ್ಳುತ್ತದೆ. ವರ್ಷದ ಗಂಜಿ ಕಣ್ಣೆದುರಿಗೇ ಕೊಳೆಯುವುದನ್ನು ನೋಡಿದವರಿಗೆ ಆ ವಾಸನೆ ಮರೆಯುವುದಿಲ್ಲ. ಕೊನೆಗಾರರು ಸಿಗುವುದೂ ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತಿದೆ. ಈಚೆಗೆ ಎಲೆಚುಕ್ಕೆ ರೋಗವೂ ಸೇರಿಕೊಂಡಿದೆ.

ಕೊಳೆಗೆ ಬೋರ್ಡೋ ಹೊಡೆಯುವ ಕ್ರಮವನ್ನು ಮೈಸೂರು ಸಂಸ್ಥಾನದ ತೋಟಗಳಲ್ಲಿ ಬಳಕೆಗೆ ತಂದವರು ಲೆಸ್ಲಿ ಕೋಲ್ಮನ್. ಕೆನಡಾದವರು, 1908ರಲ್ಲಿ ಸಂಸ್ಥಾನದ ಸೇವೆಗೆ ಬಂದರು, ಮುಂದೆ ಕೃಷಿ ಇಲಾಖೆಯ ನಿರ್ದೇಶಕರಾದರು. 1910ರಲ್ಲಿ ಕೊಳೆರೋಗದ ಬಗ್ಗೆ ಅವರು ಬರೆದ ವರದಿ ಪ್ರಕಟವಾಯಿತು. ನೂರು ವರ್ಷ ದಾಟಿದರೂ ನಮ್ಮ ತೋಟದಲ್ಲಿ ಕೊಳೆಗೆ ಮೊದಲ ಮದ್ದು ಅದೇ ನೀಲಿ ದ್ರಾವಣ. ಕೋಲ್ಮನ್ ಅವರ ಮೇಲೆ ನನಗೆ ಬಹಳ ಗೌರವ. ಅವರ ನಂತರ ಹೆಚ್ಚೇನೂ ಬದಲಾಗಿಲ್ಲವಲ್ಲ ಎಂಬ ಸಂಕಟವೂ ಅಷ್ಟೇ ಇದೆ.

ಕೊಳೆಗೆ ಕಾರಣ ಫೈಟಾಫ್ತೊರಾ ಎಂಬ ಕುಲದ ಜೀವಿ. ನೋಡಲು ಶಿಲೀಂಧ್ರದಂತಿದ್ದರೂ ಶಿಲೀಂಧ್ರವಲ್ಲ. ನೀರಿನಲ್ಲಿ ಈಜುವ ಬೀಜಾಣುಗಳನ್ನು ಹುಟ್ಟಿಸುತ್ತದೆ, ಮಳೆಹನಿಯ ಸಿಡಿತದಲ್ಲಿ ಗೊನೆಯಿಂದ ಗೊನೆಗೆ ಹರಡುತ್ತದೆ. ಆಲೂಗಡ್ಡೆಯ ಅಂಗಮಾರಿಯೂ ಇದೇ ಕುಲದ್ದು. ಒಂದು ಶನಿವಾರ ಸಾಂತಾ ಕ್ರೂಝ್ ಬೆಟ್ಟದ ಕಾಲುದಾರಿಯಲ್ಲಿ ಫಲಕವೊಂದು ಕಂಡಿತು. ಓಕ್ ಮರಗಳನ್ನು ಕೊಲ್ಲುವ ರೋಗ ಹರಡುತ್ತಿದೆ, ಬೂಟಿನ ಮಣ್ಣು ಒರೆಸಿ ಹೋಗಿ ಎಂದು ಬರೆದಿತ್ತು. ರೋಗಾಣುವಿನ ಹೆಸರು ಓದಿ ಅಲ್ಲೇ ನಿಂತೆ: ಫೈಟಾಫ್ತೊರಾ ರಮೋರಮ್. 1990ರ ದಶಕದ ನಡುವಿನಲ್ಲಿ ಈ ಕರಾವಳಿಯ ಕಾಡುಗಳಲ್ಲಿ ಮರಗಳು ಒಣಗತೊಡಗಿದವು. ಅಂದಿನಿಂದ ಲಕ್ಷಾಂತರ ಓಕ್ ಮತ್ತು ಟ್ಯಾನೋಕ್ ಮರಗಳು ಸತ್ತಿವೆ. 2000ದಲ್ಲಿ ಈ ರೋಗಾಣುವನ್ನು ಬೇರ್ಪಡಿಸಿದವರು ಡೇವಿಸ್‌ನ ಡೇವಿಡ್ ರಿಝೋ ಮತ್ತು ಬರ್ಕ್ಲಿಯ ಮ್ಯಾಟಿಯೊ ಗಾರ್ಬೆಲೊಟ್ಟೊ. ನಮ್ಮ ತೋಟವನ್ನು ಕಾಡುವ ಕುಲದ ಸೋದರನೊಬ್ಬ ನಾನು ನಿಂತ ಬೆಟ್ಟದಲ್ಲೇ ಇದ್ದಾನೆ. ಅವನನ್ನು ಗುರುತಿಸಿದ ಎರಡು ವಿಶ್ವವಿದ್ಯಾಲಯಗಳಿಗೂ ನನ್ನ ಕಾಲೇಜಿನಿಂದ ದಾರಿಯಿದೆ. ಸಸ್ಯರೋಗಶಾಸ್ತ್ರವೇ ನನ್ನ ಓದು ಎಂಬುದು ಅಂದು ಗಟ್ಟಿಯಾಯಿತು.

ಟ್ರಾನ್ಸ್‌ಫರ್ ವಿದ್ಯಾರ್ಥಿಯ ಪಂಚಾಂಗವೆಂದರೆ ಅಸಿಸ್ಟ್ ಎಂಬ ಜಾಲತಾಣ. ರಾಜ್ಯದ ಯಾವ ಸಮುದಾಯ ಕಾಲೇಜಿನ ಯಾವ ಪಾಠ ಯಾವ ಸಾರ್ವಜನಿಕ ವಿಶ್ವವಿದ್ಯಾಲಯದ ಯಾವ ಪಾಠಕ್ಕೆ ಸಮ ಎಂಬುದು ಅಲ್ಲಿ ಪಟ್ಟಿಯಾಗಿ ಸಿಗುತ್ತದೆ. ಇದನ್ನು ಓದಲು ಕಲಿತವರು ಅರ್ಧ ಗೆದ್ದಂತೆ. ನನ್ನ ಶಿವಮೊಗ್ಗದ ಅಂಕಪಟ್ಟಿಗಳನ್ನು ಮೌಲ್ಯಮಾಪನಕ್ಕೆ ಕೊಟ್ಟಾಗ ಒಂದಷ್ಟು ಯೂನಿಟ್‌ಗಳು ಸಿಕ್ಕವು. ಆದರೆ ಅಸಿಸ್ಟ್‌ನ ಒಪ್ಪಂದಗಳು ಈ ರಾಜ್ಯದ ಕಾಲೇಜುಗಳ ನಡುವಿನವು. ಮೇಜರ್‌ಗೆ (ಪದವಿಯ ಮುಖ್ಯ ವಿಷಯಕ್ಕೆ) ಬೇಕಾದ ರಸಾಯನಶಾಸ್ತ್ರ, ಜೀವಶಾಸ್ತ್ರಗಳನ್ನು ಇಲ್ಲೇ ಹೊಸದಾಗಿ ಓದಿದರೆ ಅವು ಪ್ರಶ್ನೆಯಿಲ್ಲದೆ ಸಲ್ಲುತ್ತವೆ. ಹಾಗೆಯೇ ಮಾಡಿದೆ, ಹತ್ತು ವರ್ಷದ ತುಕ್ಕೂ ಬಿಟ್ಟಿತು. ಊರಿನಲ್ಲಿ ಓದಿದ್ದನ್ನು ಅರ್ಜಿಯಲ್ಲಿ ಬಿಡಬಾರದು ಎಂಬುದನ್ನೂ ಇಲ್ಲೇ ಹೇಳುತ್ತೇನೆ. ಓದಿದ ಪ್ರತಿ ಕಾಲೇಜನ್ನೂ, ವಿದೇಶದ್ದಾದರೂ, ನಮೂದಿಸಲೇಬೇಕು.

ಪಾಠಗಳು ಒಂಟಿಯಾಗಿ ಬರುವುದಿಲ್ಲ, ಸರಪಳಿಯಾಗಿ ಬರುತ್ತವೆ. ಡಿ ಆನ್ಜಾದಲ್ಲಿ ಸಾವಯವ ರಸಾಯನಶಾಸ್ತ್ರ 12ಎ, 12ಬಿ, 12ಸಿ ಎಂಬ ಮೂರು ಕ್ವಾರ್ಟರ್‌ಗಳ ಸರಪಳಿ. ಜೀವಶಾಸ್ತ್ರ 6ಎ, 6ಬಿ, 6ಸಿ. ಎರಡನ್ನು ಓದಿ ಮೂರನೆಯದನ್ನು ವಿಶ್ವವಿದ್ಯಾಲಯದಲ್ಲಿ ಓದುತ್ತೇನೆ ಎಂದರೆ ಪಾಠಗಳ ಗಡಿ ಎರಡೂ ಕಡೆ ಒಂದೇ ಆಗಿರುವುದಿಲ್ಲ. ಒಂದು ಅಧ್ಯಾಯ ಎರಡು ಸಲ ಬರುತ್ತದೆ, ಇನ್ನೊಂದು ಬರುವುದೇ ಇಲ್ಲ. ಸೆಮಿಸ್ಟರ್ ಇರುವ ಕಡೆಗೆ ಹೋದರೆ ಈ ತೊಡಕು ಇನ್ನೂ ಹೆಚ್ಚು. ಮೂರು ಕ್ವಾರ್ಟರ್ ಯೂನಿಟ್ ಸೇರಿ ಎರಡು ಸೆಮಿಸ್ಟರ್ ಯೂನಿಟ್ ಎಂಬ ಗಣಿತ ಕಾಗದದ ಮೇಲೆ ಸುಲಭ, ಪಠ್ಯಕ್ರಮ ಹಾಗೆ ಭಾಗವಾಗುವುದಿಲ್ಲ. ಆದ್ದರಿಂದ ಹಿಡಿದ ಸರಪಳಿಯನ್ನು ಒಂದೇ ಕಾಲೇಜಿನಲ್ಲಿ ಮುಗಿಸಿ ಹೊರಡಬೇಕು. ನಾನು ಇಡೀ ವೇಳಾಪಟ್ಟಿಯನ್ನು ಈ ಒಂದು ನಿಯಮದ ಮೇಲೆ ಕಟ್ಟಿದೆ. ಬೇಸಿಗೆಯಲ್ಲೂ ಓದಿದೆ.

ಅರ್ಜಿಯ ಕಥೆ ಚಿಕ್ಕದು. ಸೆಪ್ಟೆಂಬರ್‌ನಲ್ಲಿ ಟ್ಯಾಗ್ ಎಂಬ ಖಾತರಿ ಪ್ರವೇಶದ ಅರ್ಜಿ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಒಂಬತ್ತು ಪದವಿ ಕ್ಯಾಂಪಸ್‌ಗಳಲ್ಲಿ ಆರು ಈ ಖಾತರಿ ಕೊಡುತ್ತವೆ, ಅವುಗಳಲ್ಲಿ ಒಂದನ್ನಷ್ಟೇ ಆರಿಸಬಹುದು. ಡೇವಿಸ್ ಕೊಡುತ್ತದೆ. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯೇಗೊ ಕೊಡುವುದಿಲ್ಲ. ಡೇವಿಸ್‌ಗೆ ಟ್ಯಾಗ್ ಹಾಕಿದೆ. ಅದು ನಮ್ಮನ್ನು ಕಟ್ಟಿಹಾಕುವುದಿಲ್ಲ, ಬೇರೆಡೆಗೂ ಅರ್ಜಿ ಹಾಕಬಹುದು. ಶರತ್ಕಾಲದಲ್ಲಿ ಡೇವಿಸ್, ಬರ್ಕ್ಲಿ ಎರಡಕ್ಕೂ ಸೇರಿ ಮುಖ್ಯ ಅರ್ಜಿ ಮತ್ತು 350 ಪದ ಮೀರದ ನಾಲ್ಕು ಉತ್ತರಗಳು. ಅವುಗಳಲ್ಲೊಂದರಲ್ಲಿ ಕೊಳೆರೋಗದ ಬಗ್ಗೆ ಬರೆದೆ. ಸ್ಯಾನ್ ಹೋಸೆ ಸ್ಟೇಟ್‌ಗೂ ಅರ್ಜಿ ಹಾಕಿದೆ. ಏಪ್ರಿಲ್ ಮುಗಿಯುವಷ್ಟರಲ್ಲಿ ಮೂರೂ ಕಡೆಯಿಂದ ಹೌದು ಎಂಬ ಉತ್ತರ ಬಂತು. ಜೂನ್ 1ರೊಳಗೆ ಒಂದನ್ನು ಆರಿಸಬೇಕು.

ಸ್ಯಾನ್ ಹೋಸೆ ಸ್ಟೇಟನ್ನು ಮೊದಲು ಕೈಬಿಟ್ಟೆ. ಮನೆಗೆ ಅತಿ ಹತ್ತಿರ, ಶುಲ್ಕ ಇನ್ನೆರಡರ ಸುಮಾರು ಅರ್ಧ. 1857ರಲ್ಲಿ ಶುರುವಾದ, ಈ ಕರಾವಳಿಯ ಅತಿ ಹಳೆಯ ಸಾರ್ವಜನಿಕ ವಿಶ್ವವಿದ್ಯಾಲಯ. ನನ್ನ ವಿಷಯ ನರ್ಸಿಂಗೋ ಎಂಜಿನಿಯರಿಂಗೋ ಆಗಿದ್ದರೆ ಎರಡನೆಯ ಯೋಚನೆ ಮಾಡದೆ ಅಲ್ಲಿಗೇ ಹೋಗುತ್ತಿದ್ದೆ. ಸಸ್ಯರೋಗಕ್ಕೇ ಮೀಸಲಾದ ವಿಭಾಗ ಅಲ್ಲಿಲ್ಲ ಎಂಬ ಒಂದೇ ಕಾರಣ.

ಉಳಿದದ್ದು ಬರ್ಕ್ಲಿ ಮತ್ತು ಡೇವಿಸ್. ಎರಡೂ ಒಂದೇ ವಿಶ್ವವಿದ್ಯಾಲಯ ವ್ಯವಸ್ಥೆಯ ಕ್ಯಾಂಪಸ್‌ಗಳಾದ್ದರಿಂದ ನಿವಾಸಿಗಳ ಬೋಧನಾ ಶುಲ್ಕ ಎರಡೂ ಕಡೆ ಬಹುತೇಕ ಒಂದೇ. ಹಣ ನಿರ್ಧರಿಸಿಕೊಡುತ್ತದೆ ಎಂದು ಕಾದಿದ್ದ ನನ್ನ ಗಂಡನಿಗೆ ಆ ದಾರಿ ಮುಚ್ಚಿತು.

ಬರ್ಕ್ಲಿಯ ಹೆಸರು ದೊಡ್ಡದು, ಅದನ್ನು ಅಲ್ಲಗಳೆಯುವ ಉತ್ಸಾಹ ನನಗಿಲ್ಲ. ಏಪ್ರಿಲ್‌ನಲ್ಲಿ ಅವರು ಕ್ಯಾಂಪಸ್ಸನ್ನು ಎಲ್ಲರಿಗೂ ತೆರೆದಿಡುವ ಕ್ಯಾಲ್ ಡೇ ದಿನ ಹೋಗಿ ಕೋಶ್‌ಲ್ಯಾಂಡ್ ಹಾಲ್ ನೋಡಿದೆ. ಸಸ್ಯ ಮತ್ತು ಸೂಕ್ಷ್ಮಜೀವಿಶಾಸ್ತ್ರ ವಿಭಾಗ ಅಲ್ಲಿದೆ. ಗಿಡಕ್ಕೆ ರೋಗಾಣುವಿನ ಗುರುತು ಹೇಗೆ ಹತ್ತುತ್ತದೆ ಎಂಬ ಪ್ರಶ್ನೆಯನ್ನು ವಂಶವಾಹಿಗಳ ಮಟ್ಟದಲ್ಲಿ ತೆರೆದವರಲ್ಲಿ ಒಬ್ಬರಾದ ಬ್ರಯನ್ ಸ್ಟಾಸ್ಕಾವಿಚ್ ಅವರ ವಿಭಾಗ ಅದು. ಪದವಿ ವಿದ್ಯಾರ್ಥಿಗಳು ಪ್ರಾಧ್ಯಾಪಕರ ಸಂಶೋಧನೆಯಲ್ಲಿ ಯೂನಿಟ್‌ಗಾಗಿ ಕೆಲಸ ಮಾಡುವ ಯುರ್ಯಾಪ್ ಎಂಬ ಏರ್ಪಾಡೂ ಇದೆ. ಬೆಟ್ಟದ ಬುಡದ ಆ ಕ್ಯಾಂಪಸ್ಸಿನಲ್ಲಿ ನಡೆಯುವಾಗ ನನಗೆ ರೋಮಾಂಚನವಾಯಿತು. ಮನೆಯ ಲೆಕ್ಕದಲ್ಲೂ ಬರ್ಕ್ಲಿ ಸುಲಭ. ಬಾರ್ಟ್ ರೈಲು 2020ರಿಂದ ಸ್ಯಾನ್ ಹೋಸೆಯ ಬೆರಿಯೆಸ್ಸಾವರೆಗೆ ಬರುತ್ತದೆ. ಅಲ್ಲಿ ಹತ್ತಿದರೆ ಬದಲಿಸದೆ ಬರ್ಕ್ಲಿಯಲ್ಲಿ ಇಳಿಯಬಹುದು. ದಿನಕ್ಕೆ ಹೋಗಿಬರುವುದು ಸೇರಿ ಮೂರು ಗಂಟೆಯ ಆಸುಪಾಸು, ಆದರೆ ಮನೆ ಕದಲಿಸಬೇಕಿಲ್ಲ, ಮಗಳ ಶಾಲೆ ಬದಲಾಗುವುದಿಲ್ಲ.

ಡೇವಿಸ್‌ಗೆ ದಿನವೂ ಹೋಗಿಬರಲಾಗದು. ಕ್ಯಾಪಿಟಲ್ ಕಾರಿಡಾರ್ ರೈಲಿನಲ್ಲಿ ಒಂದು ಕಡೆಗೇ ಎರಡೂವರೆ ಗಂಟೆಗೂ ಹೆಚ್ಚು. ಡೇವಿಸ್ ಎಂದರೆ ಮನೆ ಎತ್ತಬೇಕು.

ಅಲ್ಲಿಗೆ ಹೋದದ್ದು ಪಿಕ್ನಿಕ್ ಡೇ ದಿನ. 1909ರಿಂದ ನಡೆದುಬಂದಿರುವ, ಕ್ಯಾಂಪಸ್ಸನ್ನು ಎಲ್ಲರಿಗೂ ತೆರೆದಿಡುವ ಹಬ್ಬ. ಮಗಳು ಗಿಡ್ಡ ಕಾಲಿನ ನಾಯಿಗಳ ಓಟದ ಪಂದ್ಯಕ್ಕೆ ಅಂಟಿಕೊಂಡಳು, ನಾನು ಹಚಿಸನ್ ಹಾಲ್‌ಗೆ ಹೋದೆ. ಸಸ್ಯರೋಗಶಾಸ್ತ್ರ ಇಲ್ಲಿ ಇನ್ನೊಂದು ವಿಭಾಗದ ಮೂಲೆಯಲ್ಲ, ಸ್ವತಂತ್ರ ವಿಭಾಗ. ಭತ್ತದ ಗಿಡ ಮುಳುಗಡೆಯನ್ನು ತಾಳಿಕೊಳ್ಳುವಂತೆ ಮಾಡುವ ವಂಶವಾಹಿಯ ಮೇಲೆ ಕೆಲಸ ಮಾಡಿದ ಪಮೇಲಾ ರೊನಾಲ್ಡ್ ಇದೇ ವಿಭಾಗದವರು. ಆ ವಂಶವಾಹಿ ಸೇರಿದ ಸ್ವರ್ಣ-ಸಬ್1 ತಳಿಯನ್ನು ನಮ್ಮ ದೇಶದ ನೆರೆಪೀಡಿತ ಗದ್ದೆಗಳಲ್ಲಿ ರೈತರು ಬೆಳೆಯುತ್ತಾರೆ. ಪ್ರಯೋಗಾಲಯದಿಂದ ಗದ್ದೆಯವರೆಗಿನ ದಾರಿ ಉದ್ದವಾದರೂ ಕಡಿದುಹೋಗಿಲ್ಲ ಎಂಬುದಕ್ಕೆ ನನಗೆ ಬೇಕಾಗಿದ್ದ ಸಾಕ್ಷಿ ಅದು. ಕ್ಯಾಂಪಸ್ಸಿನ ಅಂಚಿನಲ್ಲಿ ಹಣ್ಣಿನ ತೋಟ, ಟೊಮೆಟೊ ಹೊಲ, ದ್ರಾಕ್ಷಿ ಬಳ್ಳಿ. ರೋಗ ಬಂದ ಗಿಡವನ್ನು ತರಗತಿಯಿಂದ ಸೈಕಲ್ಲಿನಲ್ಲಿ ಹೋಗಿ ನೋಡಿ ಬರಬಹುದು.

ಅಂದು ಸಂಜೆ ಅಪ್ಪಯ್ಯನಿಗೆ ಫೋನಿನಲ್ಲಿ ಎರಡೂ ಊರುಗಳ ವರ್ಣನೆ ಮಾಡಿದೆ. ಅವರು ಕೇಳಿದ್ದು ಎರಡೇ ಪ್ರಶ್ನೆ. "ರೋಗ ಬಂದ ಮರ ತೋರಿಸಿ ಪಾಠ ಮಾಡುವವರು ಯಾವ ಕಡೆ ಇದ್ದಾರೆ ಪುಟ್ಟಿ? ನಿನಗೆ ಅಲ್ಲಿಗೆ ಹೋದ ವರ್ಷವೇ ಆ ಪಾಠ ಸಿಗುತ್ತದಾ?"

ಅಪ್ಪಯ್ಯನ ಎರಡನೆಯ ಪ್ರಶ್ನೆಯಲ್ಲಿ ಈ ಇಡೀ ವ್ಯವಹಾರದ ತಿರುಳಿದೆ. ಹದಿನೆಂಟರ ಹುಡುಗಿ ಮೊದಲ ವರ್ಷಕ್ಕೆ ಸೇರಿದರೆ ಅವಳ ಮುಂದೆ ನಾಲ್ಕು ವರ್ಷವಿರುತ್ತದೆ. ಅಲೆದಾಡಿ, ವಿಷಯ ಬದಲಿಸಿ, ಪ್ರಾಧ್ಯಾಪಕರನ್ನು ಹುಡುಕಿಕೊಂಡು, ಮೂರನೆಯ ವರ್ಷಕ್ಕೆ ಒಂದು ದಾರಿ ಹಿಡಿಯಬಹುದು. ಅವಳಿಗೆ ವಿಶ್ವವಿದ್ಯಾಲಯದ ಹೆಸರು, ಹರವು, ಊರು ಎಲ್ಲವೂ ಮುಖ್ಯ. ಟ್ರಾನ್ಸ್‌ಫರ್ ವಿದ್ಯಾರ್ಥಿ ಓಡುವ ಬಸ್ಸನ್ನು ಹತ್ತುವವಳು. ನಾನು ಮುಂದೆ ಸಂಶೋಧನಾ ಪದವಿಗೆ ಹೋಗಬೇಕೆಂದಿದ್ದೇನೆ. ಅದರ ಅರ್ಜಿಗಳ ಗಡುವು ಹೆಚ್ಚಾಗಿ ಡಿಸೆಂಬರ್‌ನಲ್ಲಿ. ಪದವಿ ಮುಗಿದ ಕೂಡಲೇ ಸೇರಬೇಕಾದರೆ, ವಿಶ್ವವಿದ್ಯಾಲಯಕ್ಕೆ ಹೋದ ಮರುವರ್ಷದ ಡಿಸೆಂಬರ್‌ಗೇ ಅರ್ಜಿ ಹಾಕಬೇಕು. ಅಷ್ಟರಲ್ಲಿ ಮೂವರು ಶಿಫಾರಸು ಪತ್ರ ಬರೆದುಕೊಡಬೇಕು. ಅಂದರೆ ನನ್ನನ್ನು ಬಲ್ಲವರನ್ನು ಸಂಪಾದಿಸಲು ನನಗಿರುವುದು ಎರಡು ವರ್ಷವಲ್ಲ, ಒಂದು ವರ್ಷ ಮತ್ತು ಕೆಲವು ವಾರ. ಈ ಸರಳ ಲೆಕ್ಕವನ್ನು ಯಾವ ಕರಪತ್ರವೂ ನನಗೆ ಹೇಳಲಿಲ್ಲ. ಕ್ಯಾಲೆಂಡರ್ ಮುಂದಿಟ್ಟುಕೊಂಡು ತಿಂಗಳುಗಳನ್ನು ಹಿಂದಿನಿಂದ ಎಣಿಸಿದಾಗ ಕಂಡಿತು.

ಹಾಗೆ ಎಣಿಸಿದ ಮೇಲೆ ಪ್ರಶ್ನೆಗಳೇ ಬದಲಾದವು. ಯಾವುದು ಒಳ್ಳೆಯ ವಿಶ್ವವಿದ್ಯಾಲಯ ಎಂದು ಕೇಳುವುದನ್ನು ಬಿಟ್ಟೆ. ಎರಡೂ ವಿಭಾಗಗಳ ಸಲಹೆಗಾರರಿಗೆ ಇಮೇಲ್ ಬರೆದು ಕೇಳಿದ್ದು ಇವು: ನನ್ನ ವಿಷಯದ ಮೊದಲ ಮೇಲ್ದರ್ಜೆಯ ಪಾಠವನ್ನು ಸೇರಿದ ಶರತ್ಕಾಲದಲ್ಲೇ ತೆಗೆದುಕೊಳ್ಳಲು ನನ್ನ ಡಿ ಆನ್ಜಾ ಪಾಠಗಳು ಸಾಕೇ, ಇನ್ನೊಂದು ಪೂರ್ವಪಾಠ ಬೇಕೇ? ಆ ಪಾಠ ಪ್ರತಿ ಅವಧಿಯಲ್ಲೂ ನಡೆಯುತ್ತದೆಯೇ, ವರ್ಷಕ್ಕೊಮ್ಮೆಯೇ? ತರಗತಿಯಲ್ಲಿ ಎಷ್ಟು ಮಂದಿ? ಮೂರನೆಯ ವರ್ಷಕ್ಕೆ ಬಂದವರನ್ನು ಪ್ರಯೋಗಾಲಯಗಳು ಎಂದಿನಿಂದ ಸೇರಿಸಿಕೊಳ್ಳುತ್ತವೆ? ಇಬ್ಬರೂ ಸಾವಧಾನದಿಂದ ಉತ್ತರಿಸಿದರು, ಇಬ್ಬರಿಗೂ ನಾನು ಋಣಿ. ಬರ್ಕ್ಲಿಯಲ್ಲೂ ನನ್ನ ಪಾಠಗಳು ಸಲ್ಲುತ್ತಿದ್ದವು. ಆದರೆ ಅಲ್ಲಿನ ದಾರಿ ವಂಶವಾಹಿಶಾಸ್ತ್ರದ ಮೂಲಕ ಸಸ್ಯರೋಗಕ್ಕೆ ಬರುತ್ತದೆ. ನಾನು ಬಯಸಿದ ಪಾಠಕ್ಕೆ ಮುನ್ನ ಬೇರೆ ಪಾಠಗಳ ಸಾಲಿತ್ತು. ಡೇವಿಸ್‌ನಲ್ಲಿ ಸಸ್ಯರೋಗಶಾಸ್ತ್ರದ ಪ್ರವೇಶಪಾಠವನ್ನು ಮೊದಲ ಕ್ವಾರ್ಟರ್‌ನಲ್ಲೇ ಓದಬಹುದು ಎಂಬ ಉತ್ತರ ಬಂತು.

ಕ್ವಾರ್ಟರ್ ಮತ್ತು ಸೆಮಿಸ್ಟರ್ ಬಗ್ಗೆಯೂ ಬಹಳ ಯೋಚಿಸಿದೆ. ಬರ್ಕ್ಲಿಯಲ್ಲಿ ಸೆಮಿಸ್ಟರ್, ಡೇವಿಸ್‌ನಲ್ಲಿ ಡಿ ಆನ್ಜಾದಂತೆಯೇ ಕ್ವಾರ್ಟರ್. ಹತ್ತು ಹನ್ನೆರಡು ವಾರದ ಪಾಠ ಕಣ್ಣುಮುಚ್ಚಿ ಬಿಡುವಷ್ಟರಲ್ಲಿ ಮುಗಿಯುತ್ತದೆ. ಮೂರನೆಯ ವಾರಕ್ಕೆ ಮೊದಲ ಪರೀಕ್ಷೆ. ಗುರುಗಳಿಗೆ ನಮ್ಮ ಮುಖ ಪರಿಚಯವಾಗುವ ಹೊತ್ತಿಗೆ ಕೊನೆಯ ಪರೀಕ್ಷೆ ಬಂದಿರುತ್ತದೆ. ಆಳವಾದ ಓದಿಗೆ ಸೆಮಿಸ್ಟರೇ ಮೇಲು ಎಂಬುದು ನನ್ನ ಅಭಿಪ್ರಾಯ. ಆದರೂ ಕ್ವಾರ್ಟರ್‌ನ ವೇಗಕ್ಕೆ ಕೈ ಪಳಗಿದೆ, ಮತ್ತು ಆ ಒಂದು ವರ್ಷದಲ್ಲಿ ಹೆಚ್ಚು ಮಂದಿ ಪ್ರಾಧ್ಯಾಪಕರ ಮುಂದೆ ಕೂರುವ ಅವಕಾಶ ಸಿಗುತ್ತದೆ. ಇನ್ನೊಂದು ಸಣ್ಣ ಅನುಕೂಲ: ಡಿ ಆನ್ಜಾದ ವಸಂತದ ಕ್ವಾರ್ಟರ್ ಜೂನ್ ಕೊನೆಗೆ ಮುಗಿಯುತ್ತದೆ, ಬರ್ಕ್ಲಿ ಆಗಸ್ಟ್‌ನಲ್ಲೇ ಶುರು, ಡೇವಿಸ್ ಸೆಪ್ಟೆಂಬರ್ ಕೊನೆಗೆ. ಮನೆ ಎತ್ತಬೇಕಾದವರಿಗೆ ಆ ಒಂದು ತಿಂಗಳು ದೊಡ್ಡದು.

ಡಿ ಆನ್ಜಾದಲ್ಲಿ ಮೂರು ಕ್ವಾರ್ಟರ್ ನನ್ನ ಜೊತೆ ಪ್ರಯೋಗಾಲಯದ ಮೇಜು ಹಂಚಿಕೊಂಡ ಹುಡುಗಿಗೂ ಇವೇ ಎರಡು ಕಡೆ ಸೀಟು ಸಿಕ್ಕಿತ್ತು. ಅವಳು ಬರ್ಕ್ಲಿ ಆರಿಸಿದಳು. ಅವಳ ಮನಸ್ಸು ಇರುವುದು ವಂಶವಾಹಿಗಳ ಗಣಕ ವಿಶ್ಲೇಷಣೆಯಲ್ಲಿ. ಅದಕ್ಕೆ ಬೇಕಾದ ಜನ, ಪಾಠ, ಸುತ್ತಲಿನ ಕಂಪನಿಗಳು ಎಲ್ಲ ಅಲ್ಲಿವೆ. ಅವಳ ಆಯ್ಕೆ ಸರಿ ಎಂದು ನಾನು ತುಂಬು ಮನಸ್ಸಿನಿಂದ ಹೇಳುತ್ತೇನೆ.

ಮನೆಯವರನ್ನು ಒಪ್ಪಿಸುವುದು ಬೇರೆಯದೇ ಕೆಲಸ. ಮಾವನವರಿಗೆ ಡೇವಿಸ್ ಹೆಸರು ಹೊಸದು. ನಿವೃತ್ತ ಅಧ್ಯಾಪಕರು, ನನ್ನ ಓದಿನ ಬಗ್ಗೆ ನನ್ನಷ್ಟೇ ಕಾಳಜಿ ಇರುವವರು. "ಬರ್ಕ್ಲಿ ಎಂದರೆ ಇಲ್ಲಿ ಎಲ್ಲರಿಗೂ ಗೊತ್ತಮ್ಮ. ನಾಳೆ ಕೆಲಸಕ್ಕೆ ಅರ್ಜಿ ಹಾಕಿದಾಗ ಹೆಸರು ಮಾತಾಡುತ್ತದೆ" ಎಂದರು. ಅವರ ಮಾತಿನಲ್ಲಿ ಸತ್ಯವಿದೆ. ಅದಕ್ಕೇ ಅವರಿಗೆ ಇತಿಹಾಸ ಹೇಳಿದೆ. 1868ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾಲಯದ ಕೃಷಿ ಕಾಲೇಜು ಇದ್ದದ್ದು ಬರ್ಕ್ಲಿಯಲ್ಲಿ. ಬೇಸಾಯ ಕಲಿಸಲು ಬೆಟ್ಟದ ಬುಡದಲ್ಲಿ ಹೊಲ ಸಾಲದು ಎಂದು ರಾಜ್ಯ 1905ರಲ್ಲಿ ಕಾನೂನು ಮಾಡಿ ವಿಶ್ವವಿದ್ಯಾಲಯಕ್ಕಾಗಿ ಒಂದು ತೋಟ ಕೊಂಡಿತು. ಆ ಯೂನಿವರ್ಸಿಟಿ ಫಾರ್ಮ್ ಬೆಳೆದು 1959ರಲ್ಲಿ ಪೂರ್ಣ ಪ್ರಮಾಣದ ಕ್ಯಾಂಪಸ್ ಆಯಿತು, ಅದೇ ಡೇವಿಸ್. ಹೆಬ್ಬಾಳದಲ್ಲಿ ಕೋಲ್ಮನ್ ಅವರ ಕಾಲದಲ್ಲಿ ಕೃಷಿ ಶಾಲೆ ತೆರೆದದ್ದು 1913ರಲ್ಲಿ, ಮುಂದೆ ಅಲ್ಲಿಯೇ ಕೃಷಿ ವಿಶ್ವವಿದ್ಯಾಲಯ ಬೆಳೆಯಿತು. ಮಾವನವರಿಗೆ ಹೆಬ್ಬಾಳದ ಕಥೆ ಗೊತ್ತು. "ಹಾಗಾದರೆ ಅದು ಅಲ್ಲಿಯ ಹೆಬ್ಬಾಳ" ಎಂದರು. ಆಮೇಲೆ ಬರ್ಕ್ಲಿಯ ಮಾತು ತೆಗೆಯಲಿಲ್ಲ.

ನನ್ನ ಗಂಡನಿಗೆ ವಾರದಲ್ಲಿ ಎರಡು ದಿನ ಮಾತ್ರ ಕಚೇರಿಗೆ ಹೋಗಬೇಕು. ಆ ಎರಡು ದಿನ ರೈಲಿನಲ್ಲಿ ಕೂತು ಕೆಲಸ ಮಾಡುತ್ತಾ ಹೋಗುತ್ತೇನೆ ಎಂದು ಅವರಾಗಿಯೇ ಹೇಳಿದರು. ಒಂದು ರಾತ್ರಿ ಸ್ನೇಹಿತರ ಮನೆಯಲ್ಲಿ ಉಳಿಯುತ್ತಾರೆ. ಡೇವಿಸ್‌ನಲ್ಲಿ ಬಾಡಿಗೆ ಸನಿವೇಲ್‌ಗಿಂತ ಕಡಿಮೆ. ಉಳಿಯುವ ಹಣ ರೈಲಿನ ಚೀಟಿಗೆ ಸಾಕು, ಇನ್ನೂ ಸ್ವಲ್ಪ ಮಿಗುತ್ತದೆ. ಮಗಳಿಗೆ ಶಾಲೆಯ ಗೆಳತಿಯರನ್ನು ಬಿಟ್ಟು ಬರಬೇಕಲ್ಲ ಎಂಬ ದುಃಖ. ಊರೆಲ್ಲ ಸೈಕಲ್ ದಾರಿಗಳಿವೆ ಎಂಬುದು ಅವಳನ್ನು ಸ್ವಲ್ಪ ಸಮಾಧಾನಪಡಿಸಿದೆ, ಪೂರ್ತಿಯಾಗಿ ಅಲ್ಲ. ಅದು ನನ್ನ ಎದೆಯಲ್ಲೂ ಭಾರವಾಗಿಯೇ ಇದೆ.

ವಯಸ್ಸಿನ ಮಾತು. ಮೂವತ್ತು ದಾಟಿದ ನಾನು ಇಪ್ಪತ್ತರ ಹುಡುಗರ ನಡುವೆ ಎಲ್ಲಿ ಕೂರುವುದು ಎಂಬ ಅಳುಕು ಸಹಜ. ಡೇವಿಸ್‌ನಲ್ಲಿ ಟ್ರಾನ್ಸ್‌ಫರ್ ಆಗಿ ಬಂದವರಿಗೂ 25 ದಾಟಿ ಮತ್ತೆ ಓದಲು ಬಂದವರಿಗೂ ಸೇರಿ ಒಂದು ಕೇಂದ್ರವಿದೆ. ಅಲ್ಲಿ ಕಾಫಿ ಕುಡಿಯುತ್ತಿದ್ದವರಲ್ಲಿ ಸೈನ್ಯದಿಂದ ಬಂದವರಿದ್ದರು, ಎರಡು ಮಕ್ಕಳ ತಾಯಿಯೊಬ್ಬರಿದ್ದರು. ಬರ್ಕ್ಲಿಯಲ್ಲೂ ಇಂಥ ಕೇಂದ್ರವಿದೆ, ಕುಟುಂಬವಿರುವ ವಿದ್ಯಾರ್ಥಿಗಳಿಗೆ ಪಕ್ಕದ ಆಲ್ಬನಿಯಲ್ಲಿ ವಸತಿಯೂ ಇದೆ. ಎಲ್ಲಿ ಸೀಟು ಸಿಕ್ಕರೂ ಮೊದಲು ಈ ಕೇಂದ್ರಗಳಿಗೆ ಹೋಗಿ ಕೂತು ನೋಡಿ. ವಿದ್ಯಾರ್ಥಿಗಳು ಹೇಳುವಷ್ಟು ನೇರವಾಗಿ ಯಾವ ಅಧಿಕಾರಿಯೂ ಹೇಳಲಾರರು.

ಪ್ರಯೋಗಾಲಯದ ಕೆಲಸದ ಬಗ್ಗೆ ಎಚ್-4 ನಲ್ಲಿರುವವರು ಒಂದು ವ್ಯತ್ಯಾಸ ತಿಳಿದಿರಬೇಕು. ಯೂನಿಟ್‌ಗಾಗಿ ಸಂಶೋಧನೆ ಮಾಡುವುದು ಓದು. ಸಂಬಳಕ್ಕಾಗಿ ಮಾಡುವುದು ಉದ್ಯೋಗ, ಅದಕ್ಕೆ ಕೆಲಸದ ಪರವಾನಗಿ ಬೇಕು. ಗಂಡನ ಗ್ರೀನ್ ಕಾರ್ಡ್ ಅರ್ಜಿಯಲ್ಲಿ ಐ-140 ಎಂಬ ಹಂತ ಮಂಜೂರಾಗಿದ್ದರೆ ಹೆಂಡತಿ ಪರವಾನಗಿಗೆ ಅರ್ಜಿ ಹಾಕುವ ಅವಕಾಶ 2015ರಿಂದ ಇದೆ. ನನಗೆ ಅದು ಸಿಕ್ಕಿದೆ. ಸಿಗದವರು ಯೂನಿಟ್ ಆಧಾರದ ಸಂಶೋಧನೆಗೆ ಜಾಗ ಹೆಚ್ಚಿರುವ ವಿಭಾಗವನ್ನು ಹುಡುಕಬೇಕು. ಬೇರೆ ವಿದ್ಯಾರ್ಥಿಗಳಿಗೆ ಈ ಪ್ರಶ್ನೆ ಬರುವುದೇ ಇಲ್ಲ, ಹಾಗಾಗಿ ಸಲಹೆಗಾರರಿಗೂ ಹೊಳೆಯುವುದಿಲ್ಲ. ನಾವೇ ಬಾಯಿಬಿಟ್ಟು ಕೇಳಬೇಕು.

ಈಗ ಭೌತಶಾಸ್ತ್ರ 2ಸಿ ಕೊನೆಯ ಪರೀಕ್ಷೆಗೆ ಓದುತ್ತಿದ್ದೇನೆ. ಸೀಟು ಸಿಕ್ಕ ಮೇಲೂ ಕೊನೆಯ ಕ್ವಾರ್ಟರ್‌ನ ಅಂಕ ಬಿದ್ದರೆ ಪ್ರವೇಶ ರದ್ದಾಗಬಹುದು. ಅಂತಿಮ ಅಂಕಪಟ್ಟಿ ಜುಲೈ 1ರೊಳಗೆ ಡೇವಿಸ್ ತಲುಪಬೇಕು. ಮನೆ ಹುಡುಕುವ ಕೆಲಸ ಗಂಡನ ಪಾಲಿಗೆ, ಮಗಳ ಶಾಲೆಯ ಕಾಗದ ನನ್ನ ಪಾಲಿಗೆ. ಅಪ್ಪಯ್ಯ ಈ ವರ್ಷದ ಮೊದಲ ಔಷಧಿ ಹೊಡೆಸಿದ್ದಾರೆ.

ನನ್ನಂತೆ ಅರ್ಧಕ್ಕೆ ಬಿಟ್ಟು ಬಂದವರು ಓದು ಶುರುಮಾಡುವ ಯೋಚನೆಯಲ್ಲಿದ್ದರೆ ಮೊದಲ ಕೆಲಸವನ್ನು ಇಂದೇ ಮಾಡಿ. ಊರಿನ ವಿಶ್ವವಿದ್ಯಾಲಯದಿಂದ ಎಲ್ಲ ವರ್ಷಗಳ ಅಂಕಪಟ್ಟಿಗಳನ್ನು ಮೊಹರು ಮಾಡಿದ ಲಕೋಟೆಯಲ್ಲಿ, ಪಠ್ಯಕ್ರಮದ ಪ್ರತಿಯ ಜೊತೆಗೆ ತರಿಸಿಕೊಳ್ಳಿ. ಅಲ್ಲಿಗೆ ಓಡಾಡಲು ಅಣ್ಣನನ್ನೋ ತಂಗಿಯನ್ನೋ ಒಪ್ಪಿಸಿ, ಅಧಿಕಾರ ಪತ್ರ ಬರೆದುಕೊಡಿ. ಎರಡು ಪ್ರತಿ ತರಿಸಿ, ಒಂದನ್ನು ಒಡೆಯದೆ ಇಟ್ಟುಕೊಳ್ಳಿ.